ಒಂದು ವರ್ಷ ಕಾಯಿಸಿದರೆ ಅದರ ಬೆಲೆ ಯಾರದು? ಎಂಗಲ್‌ವುಡ್ ಪಾರ್ಕ್ ಜಾಗದ ಪ್ರಕರಣ

ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿ ಎಂಗಲ್‌ವುಡ್ ಎಂಬ ಚಿಕ್ಕ ನಗರವಿದೆ. ಹಡ್ಸನ್ ನದಿ ದಾಟಿದರೆ ನ್ಯೂಯಾರ್ಕ್. 1931ರಲ್ಲಿ ಜಾರ್ಜ್ ವಾಷಿಂಗ್ಟನ್ ಸೇತುವೆ ತೆರೆದ ಮೇಲೆ ನದಿಯ ಈ ದಡದ ಊರುಗಳಲ್ಲಿ ಮನೆ ಮಾಡಿ ಆ ದಡದಲ್ಲಿ ಕೆಲಸ ಮಾಡುವುದು ಸುಲಭವಾಯಿತು. ಎರಡನೇ ಮಹಾಯುದ್ಧ ಮುಗಿದ ನಂತರ ಅಮೆರಿಕದ ದೊಡ್ಡ ನಗರಗಳ ಸುತ್ತಮುತ್ತ ಖಾಲಿ ಜಾಗಗಳು ಒಂದೊಂದಾಗಿ ಲೇಔಟ್ ಆಗುತ್ತಾ ಹೋದವು. ಉಳಿದ ಜಾಗ ಕಡಿಮೆಯಾದಷ್ಟೂ ಅದರ ಮೇಲೆ ಕಣ್ಣಿಟ್ಟವರು ಜಾಸ್ತಿಯಾದರು.

1960ರ ದಶಕದಲ್ಲಿ ಎಂಗಲ್‌ವುಡ್‌ನಲ್ಲಿ ಹೀಗೆ ಉಳಿದಿದ್ದ ಒಂದು ದೊಡ್ಡ ಖಾಲಿ ಜಾಗ ಲೋಮಾರ್ಚ್ ಕಾರ್ಪೊರೇಷನ್ ಎಂಬ ಕಂಪನಿಯದ್ದು. ಅದನ್ನು ಸೈಟುಗಳಾಗಿ ವಿಂಗಡಿಸಿ ಮನೆ ಕಟ್ಟುವುದು ಕಂಪನಿಯ ಯೋಚನೆ. ನಗರಸಭೆಗೆ ಅದೇ ಜಾಗ ಪಾರ್ಕಿಗೆ ಬೇಕಿತ್ತು. ಆದರೆ ಕೂಡಲೇ ಕೊಂಡುಕೊಳ್ಳಲಿಲ್ಲ. ನಗರದ ಅಧಿಕೃತ ನಕ್ಷೆಯಲ್ಲಿ ಆ ಜಾಗವನ್ನು ಪಾರ್ಕಿಗೆಂದು ಗುರುತು ಹಾಕಿ ಕಾಯ್ದಿರಿಸಿತು. ರಾಜ್ಯದ 1953ರ ಕಾನೂನು ಇದಕ್ಕೆ ಅವಕಾಶ ಕೊಟ್ಟಿತ್ತು. ಹೀಗೆ ಗುರುತು ಹಾಕಿದ ಜಾಗದಲ್ಲಿ ಒಂದು ವರ್ಷ ಮಾಲೀಕರು ಕಟ್ಟುವ ಹಾಗಿಲ್ಲ. ಆ ವರ್ಷದೊಳಗೆ ನಗರ ಯೋಚನೆ ಮಾಡಿ, ದುಡ್ಡು ಹೊಂದಿಸಿ, ಕೊಳ್ಳಬಹುದು. ಬೇಡ ಅನಿಸಿದರೆ ಬಿಟ್ಟುಬಿಡಬಹುದು. ಬಿಟ್ಟರೆ ಆ ಒಂದು ವರ್ಷಕ್ಕೆ ಮಾಲೀಕರಿಗೆ ಏನು ಸಿಗಬೇಕು ಎಂಬ ಬಗ್ಗೆ ಕಾನೂನಿನಲ್ಲಿ ಒಂದು ಮಾತೂ ಇರಲಿಲ್ಲ.

ಕಂಪನಿ ಕೋರ್ಟಿಗೆ ಹೋಯಿತು. 1968ರಲ್ಲಿ ಆ ರಾಜ್ಯದ ಅತ್ಯುನ್ನತ ಕೋರ್ಟಾದ ನ್ಯೂಜೆರ್ಸಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅಮೆರಿಕದ ನಗರ ಯೋಜನೆಯ ಕಾನೂನು ಓದುವವರಿಗೆ ಇದು ಪರಿಚಿತ ಪ್ರಕರಣ. ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಪಾರ್ಕಿಗಾಗಿ ಕಟ್ಟಡ ಕೆಲಸ ತಡೆಯುವ ವಿಷಯದಲ್ಲಿ ಇದರಷ್ಟು ನ್ಯಾಯವಾದ ದಾರಿ ತೋರಿಸಿದ ತೀರ್ಪು ನನಗೆ ಬೇರೆ ಕಂಡಿಲ್ಲ. ಅದಕ್ಕೇ ಇದನ್ನು ಪೂರ್ತಿಯಾಗಿ ಬಿಡಿಸಿ ನೋಡುತ್ತಿದ್ದೇನೆ.

ನಗರಕ್ಕೆ ಸಮಯ ಯಾಕೆ ಬೇಕಾಗುತ್ತದೆ

ಪಾರ್ಕ್ ಬೇಕು ಎಂದು ಎಲ್ಲರೂ ಹೇಳುತ್ತಾರೆ. ಎಷ್ಟು ಬೇಕು, ಎಲ್ಲಿ ಬೇಕು, ಯಾವ ಜಾಗ ಕೊಳ್ಳಬೇಕು ಎಂದು ಕೇಳಿದರೆ ಉತ್ತರ ಅಷ್ಟು ಬೇಗ ಸಿಗುವುದಿಲ್ಲ.

ಅಮೆರಿಕದ ಯೋಜಕರಲ್ಲಿ ಬಹಳ ಕಾಲ ಓಡಾಡಿದ ಒಂದು ಅಂದಾಜು ಲೆಕ್ಕವಿದೆ. 1,000 ಜನರಿಗೆ 10 ಎಕರೆ ಪಾರ್ಕ್. 1960ರಲ್ಲಿ ಎಂಗಲ್‌ವುಡ್‌ನ ಜನಸಂಖ್ಯೆ ಸುಮಾರು 26,000. ಆ ಲೆಕ್ಕದಲ್ಲಿ 260 ಎಕರೆ ಬೇಕು. ಇಡೀ ನಗರದ ವಿಸ್ತೀರ್ಣ 5 ಚದರ ಮೈಲಿಯಷ್ಟು, ಅಂದರೆ ಸುಮಾರು 3,200 ಎಕರೆ. ನಗರದ ನೂರು ಪಾಲಿನಲ್ಲಿ ಎಂಟು ಪಾಲು ಪಾರ್ಕ್ ಆಗಿರಬೇಕು ಎಂದಾಯಿತು. ಇದು ಎಂಗಲ್‌ವುಡ್ ಮಾಡಿಕೊಂಡ ಲೆಕ್ಕವಲ್ಲ, ವಿಷಯದ ಗಾತ್ರ ಕಣ್ಣಿಗೆ ಕಾಣಲೆಂದು ನಾನು ಹಾಕಿದ್ದು. ಹೆಚ್ಚುಕಡಿಮೆ ಪೂರ್ತಿ ಕಟ್ಟಿ ಮುಗಿದ ನಗರಕ್ಕೆ ಎಂಟು ಪಾಲು ಎಂದರೆ ಸಣ್ಣ ಮಾತಲ್ಲ.

ಎಕರೆ ಲೆಕ್ಕವೊಂದೇ ಸಾಲದು. ನಗರದ ಒಂದು ಮೂಲೆಯಲ್ಲಿ 200 ಎಕರೆಯ ಕಾಡು ಇದ್ದರೆ ಸರಾಸರಿ ಚೆನ್ನಾಗಿಯೇ ಕಾಣುತ್ತದೆ. ಇನ್ನೊಂದು ಮೂಲೆಯಲ್ಲಿರುವ ಮಗುವಿಗೆ ಅದರಿಂದ ಏನೂ ಪ್ರಯೋಜನವಿಲ್ಲ. ಹಾಗಾಗಿ ಈಗಿನ ಅಧ್ಯಯನಗಳು ಮನೆಯಿಂದ ಹತ್ತು ನಿಮಿಷ ನಡೆದರೆ ಪಾರ್ಕ್ ಸಿಗುತ್ತದೆಯೇ ಎಂದು ನೋಡುತ್ತವೆ. ದೂರ ಅರ್ಧ ಮೈಲಿ ಆಗಬಹುದು. ಆದರೆ ನಡುವೆ ಹೆದ್ದಾರಿಯೋ ರೈಲು ಹಳಿಯೋ ಇದ್ದರೆ ಆ ಅರ್ಧ ಮೈಲಿಗೆ ಅರ್ಥವಿಲ್ಲ. ಇದನ್ನು ಕಂಡುಕೊಳ್ಳಲು ಬೀದಿ ಬೀದಿ ನೋಡಬೇಕು. ಎಲ್ಲಿ ಮಕ್ಕಳು ಜಾಸ್ತಿ, ಎಲ್ಲಿ ವಯಸ್ಸಾದವರು ಜಾಸ್ತಿ, ಎಲ್ಲಿ ಅಪಾರ್ಟ್‌ಮೆಂಟುಗಳಿವೆ, ಎಲ್ಲಿ ಮನೆಗೆ ಹಿತ್ತಲಿದೆ ಎಂದು ತಿಳಿಯಬೇಕು. ಇನ್ನು ಹತ್ತು ವರ್ಷಕ್ಕೆ ಜನಸಂಖ್ಯೆ ಎಲ್ಲಿ ಬೆಳೆಯುತ್ತದೆ ಎಂದು ಅಂದಾಜು ಮಾಡಬೇಕು. ಖಾಲಿ ಜಾಗಗಳ ಪಟ್ಟಿ ಮಾಡಿ, ಯಾವುದು ಇಳಿಜಾರು, ಯಾವುದು ಜೌಗು, ಯಾವುದು ಆಟದ ಮೈದಾನಕ್ಕೆ ಆಗುತ್ತದೆ ಎಂದು ನೋಡಬೇಕು. ಜನರನ್ನು ಕೂರಿಸಿ ಕೇಳಬೇಕು. ಕೊನೆಗೆ ದುಡ್ಡಿನ ಲೆಕ್ಕ. ಕೊಳ್ಳುವುದಕ್ಕೆ ಎಷ್ಟು, ಆಮೇಲೆ ಪ್ರತಿ ವರ್ಷ ನೋಡಿಕೊಳ್ಳುವುದಕ್ಕೆ ಎಷ್ಟು?

ಇಷ್ಟೆಲ್ಲ ಆಗುವ ಹೊತ್ತಿಗೆ ತಿಂಗಳುಗಳು ಕಳೆಯುತ್ತವೆ. ಅಧ್ಯಯನ ಶುರುವಾಗಿದೆ ಎಂಬ ಸುದ್ದಿ ಮಾತ್ರ ಒಂದೇ ದಿನದಲ್ಲಿ ಹರಡುತ್ತದೆ. ಖಾಲಿ ಜಾಗ ಇಟ್ಟುಕೊಂಡವರು ಏನು ಮಾಡುತ್ತಾರೆ? ಹೊಸ ನಿಯಮ ಬರುವ ಮೊದಲೇ ಅನುಮತಿ ತೆಗೆದುಕೊಂಡುಬಿಡೋಣ ಎಂದು ಅರ್ಜಿ ಹಿಡಿದು ಓಡುತ್ತಾರೆ. ಅದರಲ್ಲಿ ತಪ್ಪೂ ಇಲ್ಲ, ಅಲ್ವಾ? ಅವರ ದುಡ್ಡು ಆ ಮಣ್ಣಿನಲ್ಲಿ ಸಿಕ್ಕಿಕೊಂಡಿದೆ. ಆದರೆ ಫಲ ಏನೆಂದರೆ, ಯಾವ ಜಾಗ ಉಳಿಸಿಕೊಳ್ಳಬೇಕು ಎಂದು ವರದಿ ಹೇಳುವಷ್ಟರಲ್ಲಿ ಆ ಜಾಗದಲ್ಲಿ ಅಡಿಪಾಯ ಬಿದ್ದಿರುತ್ತದೆ. ಅಧ್ಯಯನವೇ ಖಾಲಿ ಜಾಗವನ್ನು ಇನ್ನಷ್ಟು ಬೇಗ ಮುಗಿಸಿಬಿಡುತ್ತದೆ.

ಎಂಗಲ್‌ವುಡ್ ನಗರಸಭೆಯ ಕಷ್ಟವನ್ನು ಈ ಬೆಳಕಿನಲ್ಲಿ ನೋಡಬೇಕು. ನ್ಯೂಜೆರ್ಸಿಯ ಮತದಾರರು 1961ರಲ್ಲಿ ಗ್ರೀನ್ ಏಕರ್ಸ್ ಎಂಬ ಯೋಜನೆಗೆ 6 ಕೋಟಿ ಡಾಲರ್ ಬಾಂಡ್ ಒಪ್ಪಿದ್ದರು. ಖಾಲಿ ಜಾಗ ಕೊಂಡು ಪಾರ್ಕಿಗೆ ಉಳಿಸಿಕೊಳ್ಳಲೆಂದೇ ಆ ದುಡ್ಡು. ಅದರಿಂದ ನಗರಗಳಿಗೂ ನೆರವು ಸಿಗುತ್ತಿತ್ತು. ಎಂಗಲ್‌ವುಡ್ ಆ ಜಾಗವನ್ನು ಕೊಳ್ಳಲು ನೋಡಿದ್ದೂ ಇದೇ ಯೋಜನೆಯಡಿ. ಆದರೆ ಸರ್ಕಾರದ ನೆರವು ಅರ್ಜಿ ಹಾಕಿದ ದಿನವೇ ಕೈಗೆ ಬರುವುದಿಲ್ಲ. ಅಷ್ಟರಲ್ಲಿ ಮನೆಗಳು ಎದ್ದರೆ ಜಾಗದ ಬೆಲೆಗೆ ಮನೆಗಳ ಬೆಲೆಯೂ ಸೇರುತ್ತದೆ. ಆಮೇಲೆ ಆ ಮನೆಗಳನ್ನು ಕೆಡವಿ ಪಾರ್ಕ್ ಮಾಡುತ್ತೇವೆ ಎನ್ನುವ ನಗರಸಭೆ ಎಲ್ಲೂ ಇಲ್ಲ.

ಮಾಲೀಕರ ಕಡೆಯಿಂದ

ಈಗ ಇನ್ನೊಂದು ಕಡೆ ನಿಂತು ನೋಡೋಣ. ಜಾಗ ನನ್ನದು. ತೆರಿಗೆ ನಾನು ಕಟ್ಟುತ್ತಿದ್ದೇನೆ. ಸಾಲ ಮಾಡಿ ಕೊಂಡಿದ್ದರೆ ಬಡ್ಡಿಯೂ ಓಡುತ್ತಿದೆ. ಆ ವರ್ಷ ನಾನು ಕಟ್ಟುವ ಹಾಗಿಲ್ಲ. ಮಾರಬಹುದು ಎಂದು ಕಾಗದದಲ್ಲಿ ಇದ್ದರೂ, ನಗರ ಪಾರ್ಕಿಗೆಂದು ಗುರುತು ಹಾಕಿದ ಜಾಗವನ್ನು ಸರಿಯಾದ ಬೆಲೆಗೆ ಕೊಳ್ಳುವವರು ಯಾರು? ವರ್ಷದ ಕೊನೆಯಲ್ಲಿ ನಗರ "ನಮಗೆ ಬೇಡ" ಎಂದರೆ ನಾನು ಮೊದಲಿದ್ದ ಕಡೆಯೇ ಬಂದು ನಿಲ್ಲುತ್ತೇನೆ. ಒಂದು ವರ್ಷದ ತೆರಿಗೆ, ಬಡ್ಡಿ ಹೋಯಿತು. ಅಷ್ಟರಲ್ಲಿ ಮನೆಗಳ ಬೇಡಿಕೆ ಇಳಿದಿದ್ದರೆ ಅದೂ ನನ್ನ ತಲೆಯ ಮೇಲೆ.

ಪಾರ್ಕ್ ಆದರೆ ಅದರಲ್ಲಿ ಓಡಾಡುವವರು ಊರಿನ ಎಲ್ಲರೂ. ಹಾಗಿದ್ದಾಗ ಅದಕ್ಕಾಗಿ ಕಾಯುವ ಖರ್ಚು ಒಬ್ಬರದೇ ಯಾಕೆ?

ಇದಕ್ಕೆ ಮೊದಲೇ, 1951ರಲ್ಲಿ, ಪೆನ್ಸಿಲ್ವೇನಿಯಾದ ಸುಪ್ರೀಂ ಕೋರ್ಟ್ ಇಂಥದೇ ಪ್ರಶ್ನೆಗೆ ಉತ್ತರ ಕೊಟ್ಟಿತ್ತು. ಅಲ್ಲಿನ ಬೀವರ್ ಫಾಲ್ಸ್ ನಗರ ಒಬ್ಬ ಮಾಲೀಕರ ಜಾಗವನ್ನು ಪಾರ್ಕ್ ಮತ್ತು ಆಟದ ಮೈದಾನಗಳ ನಕ್ಷೆಯಲ್ಲಿ ಸೇರಿಸಿತ್ತು. ಅಲ್ಲಿನ ಕಾನೂನಿನಲ್ಲಿ ಅವಧಿ ಮೂರು ವರ್ಷ. ಆ ಮೂರು ವರ್ಷದಲ್ಲಿ ಏನಾದರೂ ಕಟ್ಟಿದರೆ ಅದಕ್ಕೆ ಪರಿಹಾರವಿಲ್ಲ. ಕೋರ್ಟ್ ಆ ಕಾನೂನನ್ನು ಒಪ್ಪಲಿಲ್ಲ. ಮುಂದೆ ಬರುವ ರಸ್ತೆಗೆಂದು ನಕ್ಷೆಯಲ್ಲಿ ಗೆರೆ ಎಳೆಯುವುದು ಹಳೆಯ ಪದ್ಧತಿ, ಅದನ್ನು ಅಲ್ಲಿನ ಕೋರ್ಟುಗಳು ಮುಂಚಿನಿಂದ ಒಪ್ಪಿಕೊಂಡು ಬಂದಿದ್ದವು. ಆದರೆ ರಸ್ತೆ ಜಾಗದ ಅಂಚಿನಲ್ಲೋ ನಡುವಿನಲ್ಲೋ ಒಂದು ಪಟ್ಟಿಯಷ್ಟು ತೆಗೆದುಕೊಳ್ಳುತ್ತದೆ. ಪಾರ್ಕ್ ಇಡೀ ಜಾಗವನ್ನೇ ನುಂಗುತ್ತದೆ. ರಸ್ತೆಗೆ ಕೊಟ್ಟ ರಿಯಾಯಿತಿಯನ್ನು ಪಾರ್ಕಿಗೂ ಕೊಡಲಾಗದು ಎಂದು ಕೋರ್ಟ್ ಹೇಳಿತು.

ಅಂದರೆ ಎಂಗಲ್‌ವುಡ್ ಪ್ರಕರಣ ಬರುವ ಹೊತ್ತಿಗೆ ಎರಡು ಸುಲಭದ ಉತ್ತರಗಳಿದ್ದವು. ಬೀವರ್ ಫಾಲ್ಸ್ ದಾರಿ ಹಿಡಿದು ಕಾನೂನನ್ನೇ ರದ್ದು ಮಾಡುವುದು ಒಂದು. ಒಂದೇ ವರ್ಷ ತಾನೇ, ಸಾರ್ವಜನಿಕ ಹಿತಕ್ಕಾಗಿ ಸಹಿಸಿಕೊಳ್ಳಿ ಎಂದು ಮಾಲೀಕರಿಗೆ ಹೇಳಿ ಕಳಿಸುವುದು ಇನ್ನೊಂದು.

ಕೋರ್ಟ್ ಹಿಡಿದ ದಾರಿ

ನ್ಯೂಜೆರ್ಸಿ ಸುಪ್ರೀಂ ಕೋರ್ಟ್ ಎರಡನ್ನೂ ಬಿಟ್ಟಿತು. ಕಾನೂನನ್ನು ಉಳಿಸಿತು. ಆದರೆ ಅದರಲ್ಲಿ ಬರೆಯದೆ ಬಿಟ್ಟಿದ್ದ ಒಂದು ಷರತ್ತನ್ನು ಓದಿಕೊಂಡಿತು. ಒಂದು ವರ್ಷ ಜಾಗ ತಡೆಯುವ ಹಕ್ಕು ನಗರಕ್ಕೆ ಇದೆ. ಆ ಹಕ್ಕಿಗೆ ಅದು ಬೆಲೆ ಕೊಡಬೇಕು.

ಬೆಲೆ ಎಷ್ಟು? ಇಲ್ಲೇ ಈ ತೀರ್ಪಿನ ಜಾಣತನ ಇರುವುದು. ಕೋರ್ಟ್ ಹೊಸ ಲೆಕ್ಕವನ್ನು ಎಲ್ಲಿಂದಲೋ ಹುಟ್ಟಿಸಲಿಲ್ಲ. ಮಾರುಕಟ್ಟೆಯಲ್ಲಿ ದಿನವೂ ನಡೆಯುವ ಆಪ್ಷನ್ ಕರಾರನ್ನು ತೆಗೆದುಕೊಂಡಿತು. ದೊಡ್ಡ ಜಾಗ ಕೊಳ್ಳಬೇಕೆಂದಿರುವ ಬಿಲ್ಡರ್ ಒಮ್ಮೆಲೇ ಕೊಳ್ಳುವುದಿಲ್ಲ. ಅನುಮತಿ ಸಿಗುತ್ತದೋ ಇಲ್ಲವೋ, ಬ್ಯಾಂಕ್ ಸಾಲ ಕೊಡುತ್ತದೋ ಇಲ್ಲವೋ ನೋಡಬೇಕಲ್ಲ. ಅಲ್ಲಿಯವರೆಗೆ ಬೇರೆಯವರಿಗೆ ಮಾರಬೇಡಿ ಎಂದು ಮಾಲೀಕರಿಗೆ ಒಂದು ಮೊತ್ತ ಕೊಟ್ಟು ಕರಾರು ಮಾಡಿಕೊಳ್ಳುತ್ತಾನೆ. ಅವಧಿ ಮುಗಿಯುವುದರೊಳಗೆ ಕೊಳ್ಳಬಹುದು, ಬಿಡಬಹುದು. ಬಿಟ್ಟರೂ ಆ ಮೊತ್ತ ಮಾಲೀಕರದ್ದೇ.

ನಗರಸಭೆ ಮಾಡಿದ್ದೂ ಇದನ್ನೇ. ಕೊಳ್ಳುವ ಅವಕಾಶವನ್ನು ಒಂದು ವರ್ಷ ತನ್ನ ಕೈಯಲ್ಲಿ ಇಟ್ಟುಕೊಂಡಿತು. ಹಾಗಾದರೆ ಬಿಲ್ಡರ್ ಕೊಡುವಂತೆ ಅದೂ ಕೊಡಲಿ. ಅಂಥ ಜಾಗಕ್ಕೆ ಒಂದು ವರ್ಷದ ಆಪ್ಷನ್ನಿಗೆ ಮಾರುಕಟ್ಟೆಯಲ್ಲಿ ಏನು ಬೆಲೆಯೋ ಅದನ್ನು ಕೊಡಬೇಕು, ಜೊತೆಗೆ ಆ ವರ್ಷ ಜಾಗಕ್ಕೆ ಬೀಳುವ ತೆರಿಗೆಯನ್ನೂ ನಗರವೇ ಹೊರಬೇಕು ಎಂದು ಕೋರ್ಟ್ ಹೇಳಿತು.

ಲೆಕ್ಕ ಹೇಗೆ ಬೀಳುತ್ತದೆ ಎಂದು ಒಂದು ಉದಾಹರಣೆ ಹಾಕಿ ನೋಡೋಣ. ಅಂಕಿಗಳು ನನ್ನವು, ಪ್ರಕರಣದ್ದಲ್ಲ. ಜಾಗದ ಬೆಲೆ 10 ಲಕ್ಷ ಡಾಲರ್. ವರ್ಷದ ತೆರಿಗೆ 20,000. ಅಂಥ ಜಾಗದ ಆಪ್ಷನ್ ವರ್ಷಕ್ಕೆ ಬೆಲೆಯ ನೂರಕ್ಕೆ ಐದರಂತೆ ನಡೆಯುತ್ತಿದ್ದರೆ 50,000. ಒಟ್ಟು 70,000 ಡಾಲರ್. ನಗರಸಭೆ ಕೊನೆಗೆ ಜಾಗ ಕೊಳ್ಳದಿದ್ದರೂ ಇಷ್ಟು ದುಡ್ಡು ಹೋಗುತ್ತದೆ. ಹತ್ತು ಲಕ್ಷದ ಜಾಗ ಕೈತಪ್ಪದ ಹಾಗೆ ನೋಡಿಕೊಳ್ಳಲು ಇದು ದೊಡ್ಡ ಮೊತ್ತವಲ್ಲ. ಹಾಗೆಂದು ಸುಮ್ನೆ ಹತ್ತು ಜಾಗಕ್ಕೆ ಗುರುತು ಹಾಕಿ ಮರೆತುಬಿಡುವಷ್ಟು ಸಣ್ಣದೂ ಅಲ್ಲ. ನನಗೆ ಈ ತೀರ್ಪು ಹಿಡಿಸಲು ಇದೇ ಮುಖ್ಯ ಕಾರಣ. ದುಡ್ಡು ಕೊಡಬೇಕು ಎಂದಾದಾಗ ನಗರಸಭೆ ನಿಜವಾಗಿ ಬೇಕಾದ ಜಾಗವನ್ನೇ ಹಿಡಿಯುತ್ತದೆ, ಬೇಗ ತೀರ್ಮಾನಕ್ಕೂ ಬರುತ್ತದೆ. ತಡೆಯುವುದು ಪುಕ್ಕಟೆಯಾದರೆ ಅಧ್ಯಯನ ಮುಗಿಸುವ ಅವಸರ ಯಾರಿಗೂ ಇರುವುದಿಲ್ಲ.

ಎರಡು ಬಗೆಯ ತಡೆ

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಹಾಗಾದರೆ ಯಾವ ಕಾರಣಕ್ಕೆ ಕಟ್ಟಡ ಕೆಲಸ ನಿಲ್ಲಿಸಿದರೂ ನಗರ ದುಡ್ಡು ಕೊಡಬೇಕೇ? ಅಮೆರಿಕದ ಸುಪ್ರೀಂ ಕೋರ್ಟ್ ಮುಂದೆ 2002ರಲ್ಲಿ ಬಂದ ಟಾಹೋ ಪ್ರಕರಣವನ್ನು ಇದರ ಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ.

ಟಾಹೋ ಸರೋವರ ಕ್ಯಾಲಿಫೋರ್ನಿಯಾ ಮತ್ತು ನೆವಾಡಾ ರಾಜ್ಯಗಳ ಗಡಿಯಲ್ಲಿದೆ. ತಿಳಿನೀರಿಗೆ ಹೆಸರಾದದ್ದು. ಸುತ್ತಲಿನ ಇಳಿಜಾರಿನಲ್ಲಿ ಮನೆ, ರಸ್ತೆ ಜಾಸ್ತಿಯಾದಂತೆ ಮಳೆನೀರು ಇಂಗುವ ನೆಲ ಕಡಿಮೆಯಾಯಿತು. ಮಣ್ಣು, ಪೋಷಕಾಂಶಗಳು ಸರೋವರಕ್ಕೆ ಹರಿದವು, ಪಾಚಿ ಬೆಳೆಯಿತು, ನೀರಿನ ತಿಳಿ ಕೆಡುತ್ತಾ ಬಂತು. ಎರಡೂ ರಾಜ್ಯಗಳು ಸೇರಿ ಮಾಡಿದ ಪ್ರಾದೇಶಿಕ ಯೋಜನಾ ಸಂಸ್ಥೆ 1981ರಿಂದ 1984ರವರೆಗೆ, ಒಟ್ಟು 32 ತಿಂಗಳು, ಸೂಕ್ಷ್ಮ ಜಾಗಗಳಲ್ಲಿ ಹೆಚ್ಚುಕಡಿಮೆ ಎಲ್ಲ ಹೊಸ ಕಟ್ಟಡವನ್ನೂ ನಿಲ್ಲಿಸಿ ಅಧ್ಯಯನ ಮಾಡಿತು. ಮನೆ ಕಟ್ಟಬೇಕೆಂದು ಸೈಟ್ ಕೊಂಡಿದ್ದ ನೂರಾರು ಜನ ಸಿಕ್ಕಿಹಾಕಿಕೊಂಡರು. ಪರಿಹಾರ ಕೇಳಿದರು. ಆರು ನ್ಯಾಯಮೂರ್ತಿಗಳು ಒಂದು ಕಡೆ, ಮೂವರು ಇನ್ನೊಂದು ಕಡೆ. ತಾತ್ಕಾಲಿಕವಾಗಿ ತಡೆದ ಮಾತ್ರಕ್ಕೆ ತಾನಾಗಿಯೇ ಪರಿಹಾರದ ಹಕ್ಕು ಹುಟ್ಟುವುದಿಲ್ಲ, ಪ್ರತಿ ಪ್ರಕರಣದ ಸಂಗತಿಗಳನ್ನು ತೂಗಿ ನೋಡಬೇಕು ಎಂದು ಬಹುಮತದ ತೀರ್ಪು ಬಂತು. ಒಂದು ವರ್ಷಕ್ಕಿಂತ ಹೆಚ್ಚು ನಡೆಯುವ ತಡೆಯನ್ನು ಅನುಮಾನದಿಂದಲೇ ನೋಡಬೇಕಾಗಬಹುದು ಎಂಬ ಎಚ್ಚರಿಕೆಯೂ ಅದರಲ್ಲಿತ್ತು.

ಮೇಲುನೋಟಕ್ಕೆ ಇದು ಎಂಗಲ್‌ವುಡ್ ತೀರ್ಪಿಗೆ ಎದುರು ಎನಿಸುತ್ತದೆ. ಒಂದು ವರ್ಷ ತಡೆದ ನಗರ ದುಡ್ಡು ಕೊಡಬೇಕು, 32 ತಿಂಗಳು ತಡೆದ ಸಂಸ್ಥೆ ಕೊಡಬೇಕಿಲ್ಲ. ಇದೆಂಥ ನ್ಯಾಯ?

ನನ್ನ ಓದಿನಲ್ಲಿ ಎರಡೂ ಸರಿ. ಟಾಹೋದಲ್ಲಿ ಸಂಸ್ಥೆ ಯಾರ ಸೈಟನ್ನೂ ಕೊಳ್ಳಲು ಹೊರಟಿರಲಿಲ್ಲ. ಎಲ್ಲರಿಗೂ ಒಂದೇ ನಿಯಮ ಬರೆಯಲು ಸಮಯ ಕೇಳಿತು. ನಿಯಮದಿಂದ ಸರೋವರ ತಿಳಿಯಾಗಿ ಉಳಿದರೆ ಸುತ್ತಲ ಜಾಗದವರಿಗೂ ಲಾಭ, ಅವರ ಸೈಟಿನ ಬೆಲೆಯೂ ಆ ತಿಳಿನೀರಿನಿಂದಲೇ ಬಂದದ್ದು. ಎಂಗಲ್‌ವುಡ್‌ನಲ್ಲಿ ನಗರವೇ ಖರೀದಿದಾರ. ಒಬ್ಬ ಮಾಲೀಕನ ಒಂದು ಜಾಗವನ್ನು ಬೆರಳು ಮಾಡಿ ತೋರಿಸಿ, ಇದು ನಮಗೆ ಬೇಕಾಗಬಹುದು ಎಂದಿತು. ತಡೆಯುವ ಅಧಿಕಾರವನ್ನು ಬಳಸಿ ತನ್ನ ಖರೀದಿಗೆ ಅನುಕೂಲ ಮಾಡಿಕೊಂಡಿತು. ನಿಯಮ ಮಾಡುವವರು ತಾವೇ ಕೊಳ್ಳುವವರೂ ಆದಾಗ ಎದುರಿಗಿರುವ ಮಾಲೀಕನಿಗೆ ಚೌಕಾಸಿ ಮಾಡುವ ಶಕ್ತಿಯೇ ಉಳಿಯುವುದಿಲ್ಲ.

ಪಾರ್ಕ್ ಅಧ್ಯಯನಕ್ಕಾಗಿ ತಡೆ ಹಾಕುವ ನಗರಗಳು ಈ ಎರಡರ ನಡುವೆ ಜಾರಾಡುತ್ತವೆ. ಇಡೀ ನಗರದಲ್ಲಿ ಪಾರ್ಕ್ ಎಷ್ಟು ಬೇಕು, ಹೊಸ ಲೇಔಟ್ ಮಾಡುವವರು ಎಷ್ಟು ಜಾಗ ಬಿಡಬೇಕು ಎಂದು ನಿಯಮ ಬರೆಯಲು ಎಲ್ಲ ಖಾಲಿ ಜಾಗಗಳನ್ನು ಆರು ತಿಂಗಳು ತಡೆದರೆ ಅದು ಟಾಹೋ ಬಗೆಯದು. ಅಧ್ಯಯನ ಎಂಬ ಹೆಸರಿಟ್ಟು ನಿಜದಲ್ಲಿ ಒಂದೆರಡು ಜಾಗದ ಮೇಲೆ ಕಣ್ಣಿಟ್ಟಿದ್ದರೆ ಅದು ಎಂಗಲ್‌ವುಡ್ ಬಗೆಯದು. ನಗರಸಭೆಯ ನಿರ್ಣಯದ ತಲೆಬರಹ ನೋಡಿ ಇದನ್ನು ತೀರ್ಮಾನಿಸಲಾಗದು. ತಡೆಗೆ ಸಿಕ್ಕ ಜಾಗಗಳ ಪಟ್ಟಿ ನೋಡಬೇಕು.

ಆಮೇಲೆ ನ್ಯೂಜೆರ್ಸಿ ಏನು ಮಾಡಿತು

ತೀರ್ಪು ಕಾಗದದಲ್ಲೇ ಉಳಿಯಲಿಲ್ಲ. 1975ರಲ್ಲಿ ನ್ಯೂಜೆರ್ಸಿ ತನ್ನ ಭೂಬಳಕೆ ಕಾನೂನನ್ನು ಹೊಸದಾಗಿ ಬರೆಯಿತು. ರಸ್ತೆ, ಪಾರ್ಕ್, ಶಾಲೆ ಇಂಥವಕ್ಕೆ ನಕ್ಷೆಯಲ್ಲಿ ತೋರಿಸಿದ ಜಾಗವನ್ನು ಒಂದು ವರ್ಷ ಕಾಯ್ದಿರಿಸುವ ಅವಕಾಶ ಉಳಿಯಿತು. ಅದರಿಂದ ಆಗುವ ನಷ್ಟಕ್ಕೆ ಪರಿಹಾರ ಕೊಡಬೇಕು, ಆ ಪರಿಹಾರ ಎಂದರೆ ಅಷ್ಟು ಅವಧಿಯ ಆಪ್ಷನ್ನಿನ ಮಾರುಕಟ್ಟೆ ಬೆಲೆ, ಲೆಕ್ಕ ಹಾಕುವಾಗ ಆ ಅವಧಿಯ ತೆರಿಗೆಯನ್ನೂ ಪರಿಗಣಿಸಬೇಕು ಎಂದು ಕಾನೂನಿನಲ್ಲೇ ಬಂತು. ಎಂಗಲ್‌ವುಡ್ ಲೆಕ್ಕ ಇಡಿಯಾಗಿ ಒಳಗೆ ಸೇರಿತು.

ಆದರೆ ಇನ್ನೊಂದು ಬಗೆಯ ತಡೆಗೆ ನ್ಯೂಜೆರ್ಸಿ ಬಾಗಿಲು ಮುಚ್ಚಿದೆ. ಯೋಜನೆ ತಯಾರಿಸಲೆಂದು ಕಟ್ಟಡ ಕೆಲಸ ನಿಲ್ಲಿಸುವುದನ್ನೇ ಈಗಿನ ಕಾನೂನು ನಿಷೇಧಿಸುತ್ತದೆ. ಜನರ ಆರೋಗ್ಯಕ್ಕೆ ಸ್ಪಷ್ಟ ಅಪಾಯ ಎದುರಿಗಿದೆ ಎಂದು ಅರ್ಹ ಆರೋಗ್ಯ ತಜ್ಞರು ಬರೆದು ಕೊಟ್ಟರೆ ಮಾತ್ರ ತಡೆ ಹಾಕಬಹುದು. ಆಗಲೂ ಆರು ತಿಂಗಳು ಮೀರುವಂತಿಲ್ಲ. ಪಾರ್ಕ್ ಎಷ್ಟು ಬೇಕು ಎಂದು ನೋಡುತ್ತೇವೆ, ಅಲ್ಲಿಯವರೆಗೆ ನಿಲ್ಲಿ ಎಂದು ಅಲ್ಲಿನ ನಗರ ಇವತ್ತು ಹೇಳಲಾರದು.

ಇದು ಅತಿಯಾಯಿತು ಎಂದು ನನಗೆ ಅನಿಸುತ್ತದೆ. ತಡೆಯನ್ನು ಎಳೆಯುತ್ತಾ ಹೋಗಿ ಮಾಲೀಕರನ್ನು ಸತಾಯಿಸಿದ ಊರುಗಳಿಗೆ ಕಡಿವಾಣ ಬೇಕಿತ್ತು, ನಿಜ. ಆದರೆ ಪ್ರಾಮಾಣಿಕವಾಗಿ ಲೆಕ್ಕ ಹಾಕಿ ನಿಯಮ ಬರೆಯುವ ಊರಿಗೂ ನಾಲ್ಕಾರು ತಿಂಗಳು ಇಲ್ಲವೆಂದರೆ, ಅಧ್ಯಯನ ಶುರುವಾದ ದಿನದಿಂದಲೇ ಅರ್ಜಿಗಳ ಓಟ ಶುರುವಾಗುತ್ತದೆ. ಅದರಲ್ಲಿ ಗೆಲ್ಲುವುದು ವಕೀಲರನ್ನೂ ಎಂಜಿನಿಯರುಗಳನ್ನೂ ಕೈಯಲ್ಲೇ ಇಟ್ಟುಕೊಂಡ ದೊಡ್ಡ ಬಿಲ್ಡರು. ಒಂದೇ ಸೈಟ್ ಇಟ್ಟುಕೊಂಡ ಸಾಮಾನ್ಯ ಮನುಷ್ಯ ಹಿಂದೆ ಬೀಳುತ್ತಾನೆ.

ಕ್ಯಾಲಿಫೋರ್ನಿಯಾದ ದಾರಿ ನಡುವಿನದು. ಅಲ್ಲಿ ನಗರಸಭೆಯ ಐದು ಪಾಲಿನಲ್ಲಿ ನಾಲ್ಕು ಪಾಲು ಸದಸ್ಯರು ಒಪ್ಪಿದರೆ 45 ದಿನ ತಡೆ ಹಾಕಬಹುದು. ಆಮೇಲೆ ಜನರ ಅಹವಾಲು ಕೇಳಿ ವಿಸ್ತರಿಸಬಹುದು. ಎಲ್ಲ ಸೇರಿ ಎರಡು ವರ್ಷ ಮೀರುವಂತಿಲ್ಲ. ವಾಷಿಂಗ್ಟನ್ ರಾಜ್ಯದಲ್ಲಿ ಸಾಮಾನ್ಯವಾಗಿ ಆರು ತಿಂಗಳು. ಅಧ್ಯಯನದ ಕೆಲಸಗಳ ಯೋಜನೆಯನ್ನು ಸಿದ್ಧಪಡಿಸಿದರೆ ಒಂದು ವರ್ಷ. ಅಹವಾಲು ಕೇಳದೆ ತಡೆ ಹಾಕಿದ್ದರೆ 60 ದಿನದೊಳಗೆ ಕೇಳಲೇಬೇಕು. ಏನೇನು ಅಧ್ಯಯನ ಮಾಡುತ್ತೀರಿ ಎಂದು ಬರೆದರೆ ಮಾತ್ರ ಹೆಚ್ಚು ಸಮಯ ಎಂಬ ವಾಷಿಂಗ್ಟನ್ ನಿಯಮ ನನಗೆ ಬಹಳ ಹಿಡಿಸಿದೆ. ಕೆಲಸದ ಪಟ್ಟಿ ಕೈಯಲ್ಲಿದ್ದರೆ, ಮೂರನೇ ತಿಂಗಳಲ್ಲಿ ಯಾರು ಬೇಕಾದರೂ ಸಭೆಗೆ ಹೋಗಿ ಎಲ್ಲಿಯವರೆಗೆ ಬಂತು ಎಂದು ಕೇಳಬಹುದು.

ಎಂಗಲ್‌ವುಡ್ ಲೆಕ್ಕವನ್ನು ಇದಕ್ಕೆ ಹೀಗೆ ಸೇರಿಸಬಹುದು. ಮೊದಲ ಕೆಲವು ತಿಂಗಳು ನಗರ ಪೂರ್ತಿ ತಡೆ, ಎಲ್ಲರಿಗೂ ಸಮ, ಪರಿಹಾರವಿಲ್ಲ. ಈಗಾಗಲೇ ಅನುಮತಿ ಸಿಕ್ಕವರಿಗೆ, ಇರುವ ಮನೆ ರಿಪೇರಿ ಮಾಡುವವರಿಗೆ, ಒಂದೇ ಸೈಟಿನಲ್ಲಿ ಸ್ವಂತಕ್ಕೆ ಮನೆ ಕಟ್ಟುವವರಿಗೆ ವಿನಾಯಿತಿ. ಅಧ್ಯಯನ ಮುಗಿದು ಕೊಳ್ಳಬೇಕಾದ ಜಾಗಗಳ ಪಟ್ಟಿ ಕೈಗೆ ಬಂದ ದಿನ ಉಳಿದವರ ಮೇಲಿನ ತಡೆ ಎತ್ತಬೇಕು. ಪಟ್ಟಿಯಲ್ಲಿರುವವರಿಗೆ ಅಂದಿನಿಂದ ಆಪ್ಷನ್ ಬೆಲೆ ಶುರು. ಆ ದುಡ್ಡನ್ನು ಆಮೇಲೆ ನೋಡೋಣ ಎಂದು ಬಿಡದೆ, ಜಾಗಕ್ಕೆ ಗುರುತು ಹಾಕುವ ಸಭೆಯಲ್ಲೇ ಬಜೆಟ್ಟಿನಲ್ಲಿ ತೆಗೆದಿಡಬೇಕು. ತೆಗೆದಿಡಲು ಆಗದ ಜಾಗಕ್ಕೆ ಅಂದೇ ಅನುಮತಿ ಕೊಟ್ಟು ಕಳಿಸಬೇಕು.